ಶಾಲೆಗೆ ಆಸ್ತಿ ಬರೆದುಕೊಡುವುದು: ವಕೀಲರನ್ನು ಕೇಳಿ

ತೀರ್ಥಹಳ್ಳಿ: ಚಿಕ್ಕಪ್ಪ, ಚಿಕ್ಕಮ್ಮ ನಲವತ್ತು ವರ್ಷ ಹೋಟೆಲ್ ನಡೆಸಿದರು. ಮಕ್ಕಳಿಲ್ಲ. 20 ಲಕ್ಷ ಠೇವಣಿ, ಎರಡು ಎಕರೆ ಅಡಿಕೆ ತೋಟ. ಎಲ್ಲವೂ ಊರಿನ ಪ್ರೌಢಶಾಲೆಯ ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೆ ಹೋಗಬೇಕಂತೆ. ಈಗಲೇ ದಾನಪತ್ರ ಮಾಡಿಸಲೇ ಸರ್?

ವಕೀಲರು: ಬೇಡ. ದಾನಪತ್ರ ನೋಂದಣಿಯಾದರೆ ತೋಟ ಅಂದೇ ಕೈಬಿಟ್ಟಂತೆ. ನಾಳೆ ಆಸ್ಪತ್ರೆ ಖರ್ಚು ಬಂದರೆ ಯಾರನ್ನು ಕೇಳುತ್ತಾರೆ? ಉಯಿಲನ್ನು ಬದುಕಿರುವವರೆಗೆ ಬದಲಿಸಬಹುದು. ಇಬ್ಬರೂ ಬೇರೆ ಬೇರೆ ಬರೆಯಲಿ: ಒಬ್ಬರು ತೀರಿಕೊಂಡರೆ ಇನ್ನೊಬ್ಬರ ಅನುಭವಕ್ಕೆ, ಆಮೇಲೆ ದತ್ತಿನಿಧಿಗೆ. ಅಸಲು ಮುಟ್ಟಬಾರದು ಎಂಬ ಸಾಲು ಇರಲೇಬೇಕು. ಇಲ್ಲದಿದ್ದರೆ ಹಣ ಕಾಂಪೌಂಡಿಗೂ ಸುಣ್ಣಬಣ್ಣಕ್ಕೂ ಹೋಗುತ್ತದೆ, ಕಂಡಿದ್ದೇನೆ. ಶೇ. 6ರ ಬಡ್ಡಿಯಾದರೆ ವರ್ಷಕ್ಕೆ 1,20,000. ಅದರಲ್ಲಿ 20,000 ಅಸಲಿಗೇ ಸೇರಿಸಿ. ಹತ್ತು ಮಕ್ಕಳಿಗೆ ತಲಾ 10,000 ಉಳಿಯುತ್ತದೆ. ಸಾಕ್ಷಿಗಳು ವಯಸ್ಸಿನಲ್ಲಿ ಕಿರಿಯರಿರಲಿ, ಮುಂದೆ ನ್ಯಾಯಾಲಯಕ್ಕೆ ಬರಬೇಕಾದೀತು.

ನನಗೆ ಚಿಂತೆ ತೋಟದ್ದು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ತಿ ಅವರದಲ್ಲ. ಪಿತ್ರಾರ್ಜಿತವೇ? ಪಾಲಾಗಿದೆಯೇ? ಅಣ್ಣತಮ್ಮಂದಿರ ಹಕ್ಕು ಬೆರೆತಿದ್ದರೆ ಶಾಲೆಗೆ ಸಿಗುವುದು ತೋಟವಲ್ಲ, ದಾವೆ.

ಸಾಗರ: 'ಛಾಪಾ ಕಾಗದದಲ್ಲಿ ಬರೆದು ನೋಂದಾಯಿಸದ ಉಯಿಲು ರದ್ದು, ಎಲ್ಲರಿಗೂ ಕಳಿಸಿ' ಎಂಬ ಸಂದೇಶ ಬಂದಿದೆ. ನಿಜವೇ?

ವಕೀಲರು: ಸುಳ್ಳು. ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಹೊಸನಗರ: ಶರಾವತಿ ಮುಳುಗಡೆಗೆ ಬದಲಾಗಿ ಕೊಟ್ಟ ಜಮೀನು, ಹಕ್ಕುಪತ್ರ ಇನ್ನೂ ಬಂದಿಲ್ಲ. ಉಯಿಲು ಬರೆಯಬಹುದೇ?

ಸಾಗರ: ನಾಮಿನಿ ಹಾಕಿದರೆ ಉಯಿಲೇ ಬೇಡವೆಂದು ಇನ್ನೊಂದು ಸಂದೇಶ ಇದೆಯಲ್ಲ ಸರ್.

ವಕೀಲರು: ನಾಮಿನಿ ಹಣ ಪಡೆಯುವವನು, ಒಡೆಯನಲ್ಲ. ಬ್ಯಾಂಕ್ ಠೇವಣಿಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇಂಥ ಸಂದೇಶ ನಂಬಿ ಮನೆ ಮುರಿದುಕೊಂಡವರು ಕೊನೆಗೆ ನನ್ನ ಕಚೇರಿಗೇ ಬರುತ್ತಾರೆ. ಇನ್ನು ಕಳಿಸಬೇಡಿ.

ಶಿಕಾರಿಪುರ: ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ಎಂದು ಬರೆಸುವುದು ಒಳ್ಳೆಯದು.

ಭದ್ರಾವತಿ: ಆ ಹೋಟೆಲಿನಲ್ಲಿ ನಿಮ್ಮ ಸಮಾಜದವರು ಮಾತ್ರ ದೋಸೆ ತಿಂದರೇ?

ಶಿಕಾರಿಪುರ: ನಿಮ್ಮನ್ನು ಕೇಳಲಿಲ್ಲ.

ಸೊರಬ: ಜಗಳವೇಕೆ, ಶೇ. 90 ಅಂಕ ಬಂದವರಿಗೆ ಕೊಡಲಿ.

ಭದ್ರಾವತಿ: ಅವರಿಗೆ ಸನ್ಮಾನ ಮಾಡುವವರು ಊರಿಗೆ ಹತ್ತು ಮಂದಿ ಇದ್ದಾರೆ. ನಪಾಸಾಗುವವನ ಮನೆ ನೋಡಿದ್ದೀರಾ?

ವಕೀಲರು: ಹಣ ನಿಮ್ಮ ಮೂವರದೂ ಅಲ್ಲ.

ತೀರ್ಥಹಳ್ಳಿ: ಚಿಕ್ಕಮ್ಮನನ್ನು ಕೇಳಿದೆ. ಅಂಕ ನೋಡುವುದು ಬೇಡ, ಅಡಿಕೆ ಸುಲಿಯಲು ಹೋಗಿ ಶಾಲೆ ತಪ್ಪಿಸುವ ಮಕ್ಕಳಿಗೆ ಮೊದಲು ಕೊಡಲಿ ಎಂದರು. ತೋಟ ಪಿತ್ರಾರ್ಜಿತವೇ ಸರ್, ಪಾಲಾಗಿಲ್ಲ.

ವಕೀಲರು: ಹಾಗಾದರೆ ಮೊದಲು ಪಾಲಾಗಲಿ. ಠೇವಣಿಯ ಉಯಿಲನ್ನು ಅದಕ್ಕಾಗಿ ಕಾಯಿಸಬೇಡಿ, ಈ ವಾರವೇ ಬರೆಸಿ. ಚಿಕ್ಕಮ್ಮನ ಮಾತನ್ನು ಅವರು ಹೇಳಿದ ಹಾಗೆಯೇ ಹಾಕಿ.

ಸೊರಬ: ನೋಂದಣಿ ಕಡ್ಡಾಯವೇ ಸರ್?

ವಕೀಲರು: ಮೇಲೆ ಓದಿ.

ಹೊಸನಗರ: ಮುಳುಗಡೆ ಜಮೀನಿನ ಬಗ್ಗೆ ಕೇಳಿದ್ದೆ ಸರ್.