ಹೊಸ ಡ್ರೈವರ್ ಕೈಗೆ ಹಳೆ ಜೀಪೋ, ಮಾರುತಿ ಜಿಪ್ಸಿಯೋ? ಓಡಿಸಿದವರು ಹೇಳ್ರಿ

ಸೇಡಂ ಕಡೆಯ ತಂದೆ ಕೇಳಿದ್ದು

ಮಗನಿಗೆ ದೀಪಾವಳಿಗೆ 18 ತುಂಬುತ್ತದೆ. ನಮ್ಮ ಹೊಲ ಊರಿನಿಂದ ಮೂರು ಕಿಲೋಮೀಟರ್, ಪೂರ್ತಿ ಎರೆ (ಕಪ್ಪು ಮಣ್ಣು) ದಾರಿ. ಮಳೆ ಹಿಡಿದರೆ ಟ್ರ್ಯಾಕ್ಟರ್ ಬಿಟ್ಟು ಏನೂ ಹೋಗಲ್ಲ. ವಾರಕ್ಕೊಮ್ಮೆ ಕಾಲೇಜಿನಿಂದ ಬರುವಾಗ ಕಲಬುರಗಿ ರಸ್ತೆಯಲ್ಲೂ ಓಡಿಸಬೇಕು. ಅವನ ಅಜ್ಜನ ಹತ್ತಿರ ಮಹೀಂದ್ರಾ ಜೀಪ್ ಇತ್ತು, ಆ ಫೋಟೊ ನೋಡುತ್ತಲೇ ಬೆಳೆದಿದ್ದಾನೆ. ಹಳೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕಂತೆ. ನಾಲ್ಕು ಲಕ್ಷದೊಳಗೆ ನೋಡುತ್ತಿದ್ದೇನೆ. ಯಾವುದು ಕೊಡಿಸಲಿ?

ಬೀದರ್‌ನಿಂದ

ನನ್ನ ಹತ್ತಿರ ಮಹೀಂದ್ರಾದ ಎಂಎಂ 540 ಜೀಪ್ ಇದೆ. ಹನ್ನೊಂದು ವರ್ಷವಾಯಿತು, ಮಾರುವ ಮಾತೇ ಇಲ್ಲ. ಅದರ 2112 ಸಿಸಿ ಪ್ಯೂಜೊ ಡೀಸೆಲ್ ಎಂಜಿನ್ ನಮ್ಮ ಊರಿನ ಯಾವ ಮೇಸ್ತ್ರಿ ಕೈಗೆ ಕೊಟ್ಟರೂ ಬಿಚ್ಚಿ ಜೋಡಿಸುತ್ತಾನೆ. ಹೊಲಕ್ಕೆ ಚಿನ್ನದಂಥ ಗಾಡಿ. ಆದರೂ ನಿಮ್ಮ ಹುಡುಗನಿಗೆ ಇದು ಬೇಡ ಅಂತೀನಿ.

ಬ್ರೇಕ್ ಕಾರಣ. ನನ್ನದಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಪೆಡಲ್ ಮೇಲೆ ನಿಂತ ಹಾಗೆ ಒತ್ತಬೇಕು. ನೀರಲ್ಲಿ ದಾಟಿ ಬಂದರಂತೂ ಒಂದೆರಡು ಸಲ ಒತ್ತಿ ಒಣಗಿಸುವ ತನಕ ಹಿಡಿಯೋದೇ ಇಲ್ಲ. ಹುಮನಾಬಾದ್ ಹತ್ತಿರ ಹೈವೇಯಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಾಗ ನಾನು ಪಕ್ಕದ ಮಣ್ಣಿಗೆ ಇಳಿಸಿ ಬಚಾವಾದೆ. ನನಗೆ ಆಗ ನಲವತ್ತು ವರ್ಷ, ಅಷ್ಟೂ ದಿನ ಲಾರಿ ಓಡಿಸಿದ ಕೈ. ಆರು ತಿಂಗಳ ಡ್ರೈವರ್‌ಗೆ ಅದು ಹೊಳೆಯುತ್ತಿತ್ತಾ?

ಜೇವರ್ಗಿಯಿಂದ

ಅಣ್ಣಾ, ಬೀದರ್‌ನವರು ಹೇಳಿದ್ದು ಸರಿ. ನಾನು ಜಿಪ್ಸಿ ಅಂತೀನಿ, ಅದೂ ಬರೀ ಜಿಪ್ಸಿ ಅಲ್ಲ. 1985ರಲ್ಲಿ ಬಂದ ಮೊದಲನೆಯದಕ್ಕೆ 970 ಸಿಸಿ ಎಂಜಿನ್, ನಮ್ಮ ಎರೆಗೆ ಉಸಿರು ಸಾಲಲ್ಲ. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. 2000ದ ಸುಮಾರಿಗೆ ಅದೇ ಸಿಸಿಯ ಎಂಜಿನ್‌ಗೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪೆಟ್ರೋಲ್ ಅಳೆದು ಚಿಮ್ಮಿಸುವ ವ್ಯವಸ್ಥೆ) ಬಂತು, ಶಕ್ತಿ 80 ಬಿಎಚ್‌ಪಿಗೆ ಏರಿತು. ಅದನ್ನು ಹುಡುಕಿ. ಮುಂದೆ ಡಿಸ್ಕ್ ಬ್ರೇಕ್ ಇದೆ, ಕ್ಲಚ್ ಹಗುರ.

ನಮ್ಮ ಮನೆಯಲ್ಲಿ ಆದದ್ದನ್ನೂ ಹೇಳ್ತೀನಿ. ಅಣ್ಣನ ಮಗ ಮೊದಲ ಮಳೆಗೆ ಖಾಲಿ ಗಾಡಿ ತಗೊಂಡು ಬರುತ್ತಿದ್ದ. ಎಮ್ಮೆ ಅಡ್ಡ ಬಂತು. ಒಮ್ಮೆಲೇ ಬ್ರೇಕ್ ಒತ್ತಿದ. ಹಿಂಭಾಗ ಹಗುರ ಅಲ್ವಾ, ಬಾಲ ತಿರುಗಿ ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ತಗ್ಗಿಗೆ ಹೋಗಲಿಲ್ಲ, ಅದೃಷ್ಟ. ಎತ್ತರದ, ಮೋಟು ಗಾಡಿ ಇದು. ಜೋರಾಗಿ ಓಡುವಾಗ ಸ್ಟೇರಿಂಗ್ ಗಕ್ಕನೆ ಎಳೆದರೆ ಮಗುಚುತ್ತದೆ. ಆ ಮಾತನ್ನು ಅವನಿಗೆ ಕಾರಣ ಸಮೇತ ಹೇಳಿ. ಬರೀ ಹುಷಾರಪ್ಪ ಅಂದರೆ ಆ ವಯಸ್ಸಿಗೆ ಕಿವಿಗೆ ಹೋಗಲ್ಲ.

ಇನ್ನೊಂದು ವಿಷಯ ಎರೆ. ಫೋರ್ ವೀಲ್ ಇದ್ದರೆ ಎಲ್ಲಿಗಾದರೂ ಹೋಗಬಹುದು ಅಂತ ಹುಡುಗರು ನಂಬಿರುತ್ತಾರೆ. ಎರೆ ಮಣ್ಣು ನೆನೆದರೆ ಟೈರಿನ ಹಲ್ಲೆಲ್ಲ ತುಂಬಿ ಚಕ್ರ ರೊಟ್ಟಿ ಹಂಚಿನ ಹಾಗೆ ನುಣ್ಣಗಾಗುತ್ತದೆ. ಆಮೇಲೆ ನಾಲ್ಕೂ ಚಕ್ರ ನಿಂತಲ್ಲೇ ತಿರುಗುತ್ತವೆ, ಅಷ್ಟೇ. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರ ಹಿಡಿದುಕೊಳ್ಳುತ್ತದೆ. ಹಲ್ಲು ದೂರ ದೂರ ಇರುವ ಮಡ್ ಟೈರ್ ಹಾಕಿಸಿ, ಒಂದು ಸಲಿಕೆ ಗಾಡಿಯಲ್ಲೇ ಇರಲಿ. ದೊಡ್ಡ ಮಳೆ ಆದ ದಿನ ಮಾತ್ರ ಹೋಗದೇ ಇರೋದೇ ಸರಿ.

ಒಣ ಡಾಂಬರಿನ ಮೇಲೆ ಫೋರ್ ಹೈ (ನಾಲ್ಕೂ ಚಕ್ರ ಎಳೆಯುವ ಗೇರ್) ಹಾಕಬಾರದು. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು. ಕೆಸರಲ್ಲಾದರೆ ಒಂಚೂರು ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲ್ಲ. ಸ್ಟೇರಿಂಗ್ ಬಿಗಿಯಾಗುತ್ತದೆ, ಏಟು ಟ್ರಾನ್ಸ್‌ಫರ್ ಕೇಸಿಗೆ (ಎಂಜಿನ್ ಶಕ್ತಿಯನ್ನು ಎರಡೂ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಬೀಳುತ್ತದೆ.

ನೋಡಲು ಹೋದಾಗ ಅರವತ್ತು ಎಪ್ಪತ್ತರ ವೇಗದಲ್ಲಿ ಓಡಿಸಿ. ಸ್ಟೇರಿಂಗ್ ಗಡಗಡ ನಡುಗಿದರೆ ಕಿಂಗ್ ಪಿನ್ ಬೇರಿಂಗ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕೀಲಿನದು) ಸವೆದಿರಬಹುದು. ವೀಲ್ ಬ್ಯಾಲೆನ್ಸ್ ಮಾಡಿಸಿದರೆ ಹೋಗುತ್ತದೆ ಅಂತ ಮಾರುವವರು ಹೇಳುತ್ತಾರೆ. ನನಗೂ ಹೇಳಿದ್ದರು. ಹೋಗಲಿಲ್ಲ.

ಕಲಬುರಗಿಯ ಗ್ಯಾರೇಜಿನಿಂದ

ಗಾಡಿ ಕೆಳಗೆ ಮಲಗಿ ನೋಡ್ರಿ, ಬಣ್ಣ ಆಮೇಲೆ. ಮುಂದಿನ ಆಕ್ಸಲ್‌ನಲ್ಲೂ ಡಿಫರೆನ್ಷಿಯಲ್ ಗುಂಡು ಇರಬೇಕು, ಅದಕ್ಕೆ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಬಂದಿರಬೇಕು. ಟೂ ವೀಲ್ ಜೀಪಿಗೆ ದೊಡ್ಡ ಟೈರ್ ಹಾಕಿ ಫೋರ್ ವೀಲ್ ಅಂತ ಮಾರುತ್ತಾರೆ, ನನ್ನ ಶೆಡ್ಡಿಗೇ ಇಂಥ ಎರಡು ಬಂದಿವೆ. ಚಾಸಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣದ ಸದ್ದು ಬೇರೆ, ತುಕ್ಕಿನ ಸದ್ದು ಬೇರೆ.

ಕಾಗದ: ಖಾಸಗಿ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಫಿಟ್‌ನೆಸ್ ಆಗಿ ಐದೈದು ವರ್ಷಕ್ಕೆ ನವೀಕರಣ. ಅದು ಮುಗಿದ ಗಾಡಿ ಕಡಿಮೆ ರೇಟಿಗೆ ಸಿಗುತ್ತದೆ ಅಂತ ಆಸೆ ಬೀಳಬೇಡಿ. ಜಹೀರಾಬಾದ್, ಸೋಲಾಪುರ ಕಡೆಯಿಂದ ತಂದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಕೆಎ 32, 33, 38 (ಕಲಬುರಗಿ, ಯಾದಗಿರಿ, ಬೀದರ್ ನಂಬರ್) ಇದ್ದರೆ ಆ ಓಡಾಟವೇ ಇಲ್ಲ. ಜೀಪ್ ಬಾಡಿ, ಎಂಜಿನ್ ಬದಲಿಸಿದ್ದರೆ ಆರ್‌ಸಿಯಲ್ಲಿ ಇದೆಯಾ ನೋಡಿ. ಕಂಪನಿ ಮಾಡಿದ ರೂಪ ಬದಲಿಸಿದ ಗಾಡಿ ನೋಂದಣಿ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ದೀಪಾವಳಿ ತನಕ ಕೀಲಿ ಕೊಡಬೇಡಿ. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ತಂದೆಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಶಹಾಪುರದಿಂದ

ನನಗೆ 20 ವರ್ಷ. ಅಪ್ಪನ ಜಿಪ್ಸಿ ನಾನೇ ಓಡಿಸುತ್ತೇನೆ. ಮೊದಲ ಆರು ತಿಂಗಳು ಅಪ್ಪ ಪಕ್ಕದಲ್ಲಿ ಕೂತಿರುತ್ತಿದ್ದರು, ಮಾತಾಡುತ್ತಿರಲಿಲ್ಲ. ಒಣ ಹೊಲದಲ್ಲಿ ಬ್ರೇಕ್ ಜೋರಾಗಿ ಒತ್ತಿಸಿ, ಗಾಡಿ ಜಾರುವುದು ಹೇಗಿರುತ್ತದೆ ಅಂತ ತೋರಿಸಿದರು. ಅದು ನನಗೆ ತುಂಬಾ ಉಪಯೋಗವಾಯಿತು. ಸ್ಟೆಪ್ನಿ ನಾನೇ ಬದಲಿಸಬೇಕು ಅನ್ನೋದು ಅವರ ನಿಯಮ.

ಹಿಂದಿನ ಅಡ್ಡ ಸೀಟಿನಲ್ಲಿ ಗೆಳೆಯರನ್ನು ಕೂರಿಸೋಕೆ ಬಿಡಬೇಡಿ ಅಂಕಲ್. ನಮ್ಮ ಗಾಡಿಯಲ್ಲಿ ಅಲ್ಲಿ ಬೆಲ್ಟ್ ಇಲ್ಲ, ಮೇಲೆ ಬರೀ ಬಟ್ಟೆ. ಗಾಡಿ ತುಂಬ ಹುಡುಗರಿದ್ದರೆ ವೇಗ ತಾನಾಗಿ ಏರುತ್ತದೆ, ನಾನು ನೋಡಿದ್ದೇನೆ.

ಕೇಳಿದವರು ಮತ್ತೆ

ಎಲ್ಲರಿಗೂ ಶರಣ್ರಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿಸಿದೆ. ಎಮ್ಮೆಯ ವಿಷಯ ಬಂದಾಗ ಸುಮ್ನಾದ. ಜೀಪಿನ ಆಸೆ ಈಗ ಬಿಟ್ಟಿದ್ದಾನೆ, ಎಂಪಿಎಫ್‌ಐ ಜಿಪ್ಸಿಯನ್ನೇ ಹುಡುಕುತ್ತೇವೆ. ಕೆಎ 32ರದ್ದು ಒಂದು ಚಿತ್ತಾಪುರದಲ್ಲಿದೆ ಅಂತ ಸುದ್ದಿ. ಭಾನುವಾರ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತೇವೆ. ಹಿಂದಿನ ಸೀಟು ಬಿಚ್ಚಿಸಿ ತೊಗರಿ ಚೀಲಕ್ಕೆ ಜಾಗ ಮಾಡೋಣ ಅಂತ ಅವನೇ ಹೇಳಿದ. ಹಾಗೆ ಬಿಚ್ಚಿದರೆ ಆರ್‌ಸಿಗೆ ತೊಂದರೆ ಏನಾದರೂ ಇದೆಯಾ, ಗ್ಯಾರೇಜಿನವರು ಒಂದು ಮಾತು ಹೇಳ್ರಿ.