ಮಹ್ಮುತ್ ಎಸಾತ್ ಬೋಜ್‌ಕುರ್ತ್ ಬಗ್ಗೆ ಎಲ್‌ಎಲ್‌ಎಂ (ಕಾನೂನು ಸ್ನಾತಕೋತ್ತರ) ಪ್ರಬಂಧ: ಬರೆದವರು ಅನುಭವ ಹೇಳಿ

ಪ್ರಶ್ನೆ ಕೇಳಿದವರು: ಲೋಟಸ್ ಪ್ರಕರಣ (ಫ್ರಾನ್ಸಿನ ಲೋಟಸ್ ಹಡಗು ತುರ್ಕಿ ಹಡಗಿಗೆ ಡಿಕ್ಕಿಯಾಗಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದ ಮೊಕದ್ದಮೆ) ಓದುವಾಗ ತುರ್ಕಿ ಪರ ವಾದಿಸಿದ ಈ ನ್ಯಾಯಮಂತ್ರಿ ಸಿಕ್ಕಿದರು. ವಕೀಲಿಯಿಂದ ಮಂತ್ರಿಗಿರಿವರೆಗಿನ ಅವರ ದಾರಿಯನ್ನೇ ವಿಷಯ ಮಾಡಿಕೊಳ್ಳಬೇಕು ಅಂತಿದ್ದೇನೆ. ತುರ್ಕಿ ಭಾಷೆ ಬರಲ್ಲ. ಆಗುತ್ತಾ?

ಹಳೇ ಕಪ್ಪುಕೋಟು: ನಾನು ಅವರ ಮೇಲೆಯೇ ಬರೆದೆ. ಸ್ವಿಟ್ಜರ್ಲೆಂಡಿನ ಫ್ರಿಬೂರ್‌ನಲ್ಲಿ ಡಾಕ್ಟರೇಟ್, 1919ರಲ್ಲಿ ವಾಪಸ್ ಬಂದು ತುರ್ಕಿಯ ಕುಶಾದಸಿ ಊರಲ್ಲಿ ಗ್ರೀಕ್ ಸೇನೆಯ ವಿರುದ್ಧ ಹೋರಾಟ, ಆಮೇಲೆ ಆರ್ಥಿಕ ವ್ಯವಹಾರಗಳ ಮಂತ್ರಿ, 1924ರಿಂದ ನ್ಯಾಯಮಂತ್ರಿ. ಕಥೆ ಚೆನ್ನಾಗಿದೆ, ಖರ್ಚು ಕೇಳಿ. ಅನುವಾದಕರು ಪುಟಕ್ಕೆ 450 ರೂಪಾಯಿ ಹೇಳಿ 12,000 ಮುಂಗಡ ತೆಗೆದುಕೊಂಡರು. ಆಮೇಲೆ, ತುರ್ಕಿ ಲ್ಯಾಟಿನ್ ಲಿಪಿಗೆ ಬದಲಾದ 1928ಕ್ಕೆ ಮೊದಲಿನ ಅರಬ್ಬಿ ಲಿಪಿ ಓದಲು ಬರಲ್ಲ ಅಂದರು. ದುಡ್ಡು ಹೋಯಿತು. ಹಳೇ ಲಿಪಿ ಬಲ್ಲ ಇನ್ನೊಬ್ಬರು ಪುಟಕ್ಕೆ 900 ಕೇಳಿದರು, ಮೇಲೆ ಟೈಪಿಂಗ್ ಬೇರೆ. ಹೆಂಡತಿಯ ಚೀಟಿ ಹಣ ಎತ್ತಿ ಕೊಟ್ಟೆ. ಆದರೆ ಮೂಲ ದಾಖಲೆ ಓದಿಸಿ ಬರೆದದ್ದು ಅನ್ನೋ ಹೆಮ್ಮೆ ಇವತ್ತಿಗೂ ಇದೆ.

ಕರಾವಳಿ ಲಾ: ಅದು ಜೀವನಚರಿತ್ರೆ, ಕಾನೂನು ಪ್ರಬಂಧ ಅಲ್ಲ! ನಾನು ಲೋಟಸ್ ಒಂದನ್ನೇ ಹಿಡಿದೆ. ದಾಖಲೆ ಎಲ್ಲ ಫ್ರೆಂಚ್, ಇಂಗ್ಲಿಷಿನಲ್ಲಿ ಸಿಗುತ್ತದೆ. 1926ರ ಡಿಕ್ಕಿ, ಸತ್ತ 8 ತುರ್ಕರು, 1927ರಲ್ಲಿ ನ್ಯಾಯಾಧೀಶರ ಮತ 6-6 ಆಗಿ ಅಧ್ಯಕ್ಷರ ಮತದಿಂದ ತುರ್ಕಿ ಪರ ತೀರ್ಪು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಸಮುದ್ರ ಕಾನೂನು ಒಪ್ಪಂದದ 97ನೇ ವಿಧಿ (ಡಿಕ್ಕಿಯಾದರೆ ಯಾವ ದೇಶ ಕೇಸು ನಡೆಸಬಹುದು ಅನ್ನೋದು) ಮೇಲೆ ಒಂದೂವರೆ ಗಂಟೆ ಕೂರಿಸಿದರು. ಎನ್ರಿಕಾ ಲೆಕ್ಸಿ (ಕೇರಳದ ಮೀನುಗಾರರನ್ನು ಗುಂಡಿಕ್ಕಿ ಕೊಂದ ಆರೋಪದ ಇಟಲಿ ಹಡಗು) ಪ್ರಕರಣದಲ್ಲಿ 2013ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಲೋಟಸ್ ಚರ್ಚಿಸಿದೆ ಅಂತ ಹೇಳಿದ ಮೇಲೆಯೇ ಬಿಟ್ಟರು. ಮಾರ್ಜಿನ್ ಅರ್ಧ ಇಂಚು ಕಮ್ಮಿ ಅಂತ ಬೈಂಡಿಂಗ್ ಮತ್ತೆ ಮಾಡಿಸಿದರು. ಪ್ರತಿಗೆ 650!

ಹಳೇ ಕಪ್ಪುಕೋಟು: ಸುಮ್ನೆ ಹೇಳಬೇಡಿ. ಡಿಕ್ಕಿಯಾದ ತುರ್ಕಿ ಹಡಗು ಬೋಜ್‌ಕುರ್ತ್‌ನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಮನುಷ್ಯ ಅವರು. ಅವರನ್ನು ಬಿಟ್ಟು ಲೋಟಸ್ ಅರ್ಥವಾಗುತ್ತಾ?

ಬಯಲುಸೀಮೆಯವಳು: ನನ್ನದು ಈ ಮಂತ್ರಿ ತಂದ ತುರ್ಕಿಯ 1926ರ ನಾಗರಿಕ ಸಂಹಿತೆ. ಸ್ವಿಸ್ ಸಂಹಿತೆ ತಂದು ಬಹುಪತ್ನಿತ್ವ ನಿಲ್ಲಿಸಿದರು, ಹೆಣ್ಣಿಗೆ ಆಸ್ತಿಯಲ್ಲಿ ಸಮಪಾಲು ಕೊಟ್ಟರು. ಗೈಡ್ ಅರ್ಧಕ್ಕೆ ಬಂದು 'ನಮ್ಮ ಏಕರೂಪ ನಾಗರಿಕ ಸಂಹಿತೆಗೆ ಹೋಲಿಸು' ಅಂದರು. ಬರೆದಿದ್ದ ಎರಡು ಅಧ್ಯಾಯ ಹೋಯಿತು. ಒಂದು ವರ್ಷ ತಡವಾಯಿತು, ಫೀಸ್ ಮತ್ತೆ ಕಟ್ಟಿದೆ. ಈ ಮಂತ್ರಿಯನ್ನು ಹೊಗಳುವವರು 1930ರಲ್ಲಿ ತುರ್ಕಿಯ ಓದೆಮಿಶ್ ಊರಲ್ಲಿ ಮಾಡಿದ ಭಾಷಣ ಯಾಕೆ ಮುಚ್ಚಿಡುತ್ತೀರಿ? ಶುದ್ಧ ತುರ್ಕರಲ್ಲದವರಿಗೆ ಈ ದೇಶದಲ್ಲಿ ಸೇವಕರಾಗುವ ಹಕ್ಕು ಮಾತ್ರ ಅಂದವರು ಅವರು.

ಹಳೇ ಕಪ್ಪುಕೋಟು: ಆ ಭಾಷಣಕ್ಕೆ ನನ್ನ ಪ್ರಬಂಧದಲ್ಲಿ ಪೂರ್ತಿ ಅಧ್ಯಾಯ ಇದೆ. ಓದದೆ ಆರೋಪ ಮಾಡಬೇಡಿ. ಅದೇ ವರ್ಷ ಮಂತ್ರಿಗಿರಿ ಹೋಯಿತು ಅನ್ನೋದೂ ಬರೆದಿದ್ದೇನೆ. ಅಂಕಾರಾದಲ್ಲಿ 1925ರಲ್ಲಿ ಕಾನೂನು ಶಾಲೆ ತೆರೆಸಿದವರೂ ಅವರೇ.

ಕರಾವಳಿ ಲಾ: ಇಬ್ಬರೂ ಜಗಳ ಬೇರೆ ಕಡೆ ಮಾಡಿ. ಏಕರೂಪ ಸಂಹಿತೆ ಅಂದರೆ ಇಲ್ಲಿ ನೂರು ಕಮೆಂಟ್ ಬೀಳುತ್ತದೆ.

ಬಯಲುಸೀಮೆಯವಳು: ಬೀಳಲಿ. ಆ ಸಂಹಿತೆಯಲ್ಲೂ ಗಂಡನೇ ಮನೆಯ ಯಜಮಾನ. ಹೆಂಡತಿ ಕೆಲಸಕ್ಕೆ ಹೋಗಲು ಅವನ ಒಪ್ಪಿಗೆ ಬೇಕು ಅನ್ನೋ ವಿಧಿಯನ್ನು 1990ರಲ್ಲಿ ತುರ್ಕಿಯ ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. ಯಜಮಾನಿಕೆ ಹೋಗಿದ್ದು 2002ರ ಹೊಸ ಸಂಹಿತೆಯಲ್ಲಿ. ಇದನ್ನು ನಾನು ಬರೆದಾಗ ಗೈಡ್ ಕೆಂಪು ಗೆರೆ ಎಳೆದರು. ನಾನು ತೆಗೆಯಲಿಲ್ಲ.