ಬಿ.ಕಾಂ. ನಾಲ್ಕನೇ ಸೆಮ್‌ನಲ್ಲಿದ್ದೇನೆ, ಯಾವ ದಾರಿ ಹಿಡಿದರೆ ಒಳ್ಳೆ ಸಂಬಳ?

ಪ್ರಶ್ನೆ (ವಿದ್ಯಾರ್ಥಿ, ತಿಪಟೂರು): ಮೇಡಂ, ನಮಸ್ತೆ. ಸೈನ್ಸ್ ಬೇಡ ಅಂತ ಕಾಮರ್ಸ್ ತಗೊಂಡವನು ನಾನು, ಇಷ್ಟಪಟ್ಟು ಬಂದಿದ್ದಲ್ಲ. ಮಾವ ಸಿಎ ಮಾಡು ಅಂತಾರೆ. ಅಮ್ಮನಿಗೆ ಬ್ಯಾಂಕ್ ಕೆಲಸವೇ ಆಗಬೇಕು. ಗೆಳೆಯರು ಬೆಂಗಳೂರಲ್ಲಿ ಡೇಟಾ ಅನಲಿಟಿಕ್ಸ್ ಕೋರ್ಸ್ ಸೇರೋಣ ಅಂತಾರೆ, ಫೀಸು 80 ಸಾವಿರ. ನನಗೆ ಯಾವುದರ ಮೇಲೂ ಅಂಥ ಆಸೆ ಇಲ್ಲ. ಮನೆ ಮೇಲೆ ಸಾಲ ಇದೆ, ಚೆನ್ನಾಗಿ ದುಡಿಯಬೇಕು, ಅಷ್ಟೇ.

ಉತ್ತರ (ಸಿಎ, ಬೆಂಗಳೂರು): ದುಡ್ಡೇ ಮುಖ್ಯ ಅಂತ ನೇರವಾಗಿ ಬರೆದಿರಲ್ಲ, ಒಳ್ಳೆಯದಾಯಿತು. ಹಾಗಾದರೆ ಸಂಬಳ ಎಷ್ಟು ಅನ್ನುವ ಜೊತೆಗೆ, ಅದು ಶುರುವಾಗುವ ತನಕ ಮನೆ ಹೇಗೆ ನಡೆಯುತ್ತೆ ಅಂತಲೂ ಲೆಕ್ಕ ಹಾಕಿ.

ಬಿ.ಕಾಂ.ನಲ್ಲಿ ಶೇ. 55 ಬಂದರೆ ಸಿಎ ಮೊದಲ ಹಂತದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಗೆ ಹೋಗಬಹುದು. ಇಂಟರ್‌ನ ಎರಡೂ ಗ್ರೂಪ್ (ಪೇಪರ್‌ಗಳ ಗುಂಪು) ಆದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಕೈಕೆಳಗೆ ತರಬೇತಿ. ನಂತರ ಫೈನಲ್. ಎಲ್ಲಾ ಮೊದಲ ಸಲಕ್ಕೇ ಪಾಸಾದರೂ ಡಿಗ್ರಿ ಮುಗಿದು ಮೂರು ವರ್ಷದ ಮೇಲೇ ಆಗುತ್ತೆ. ಆರ್ಟಿಕಲ್‌ಶಿಪ್‌ನಲ್ಲಿ ಸಿಗುವ ಸ್ಟೈಪೆಂಡ್‌ನಲ್ಲಿ ಪಿಜಿ ಬಾಡಿಗೆ ಕಟ್ಟೋದೇ ಕಷ್ಟ. ಮೊದಲ ಸಲಕ್ಕೇ ಪಾಸಾಗುವವರೂ ಕಮ್ಮಿ. ನಾನೇ ಒಂದು ಗ್ರೂಪಿಗೆ ಮೂರು ಸಲ ಕೂತವಳು. ಒಂದು ಸಲ ಎಲ್ಲಾ ಪೇಪರಲ್ಲೂ 40 ದಾಟಿತ್ತು, ಒಟ್ಟು ಶೇ. 50 ಆಗಲಿಲ್ಲ. ಇಡೀ ಗ್ರೂಪ್ ಹೋಯಿತು.

ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್) ಆದರೆ ಮೂಲ ವೇತನವೇ 48,480 ರೂಪಾಯಿಂದ ಶುರು, ಅದರ ಮೇಲೆ ಡಿಎ (ತುಟ್ಟಿಭತ್ಯೆ). ಪ್ರಿಲಿಮ್ಸ್, ಮೇನ್ಸ್, ಇಂಟರ್‌ವ್ಯೂ ದಾಟಬೇಕು. ಪೋಸ್ಟಿಂಗ್ ಯಾವ ರಾಜ್ಯಕ್ಕೆ ಬೇಕಾದರೂ ಹಾಕುತ್ತಾರೆ, ಅದನ್ನು ಅಮ್ಮನಿಗೆ ಈಗಲೇ ಹೇಳಿಬಿಡಿ.

80 ಸಾವಿರದ ಕೋರ್ಸಿಗೆ ಮಾತ್ರ ಈಗ ದುಡ್ಡು ಕಟ್ಟಬೇಡಿ. ಎಕ್ಸೆಲ್, ಎಸ್‌ಕ್ಯೂಎಲ್ (ಡೇಟಾ ಹುಡುಕಿ ತೆಗೆಯುವ ಭಾಷೆ) ಯೂಟ್ಯೂಬ್‌ನಲ್ಲೇ ಸುಮಾರಾಗಿ ಕಲಿಯಬಹುದು. ಮೂರು ತಿಂಗಳು ಬಿಡದೆ ಕೂತರೆ ಆಮೇಲೆ ಯೋಚನೆ ಮಾಡಿ.

ವಿದ್ಯಾರ್ಥಿ: ಮೇಡಂ, ಸಿಎ ಕೆಲಸ ನನಗೆ ಹಿಡಿಸುತ್ತಾ ಅಂತ ಗೊತ್ತಾಗೋದು ಹೇಗೆ? ಪುಸ್ತಕ ನೋಡಿದರೆ ಏನೂ ತಿಳಿಯಲ್ಲ.

ಉತ್ತರ: ಪುಸ್ತಕದಲ್ಲಿ ಗೊತ್ತಾಗಲ್ಲ. ನಿಮ್ಮೂರಲ್ಲಿ ಆಡಿಟರ್ ಆಫೀಸ್ ಇರುತ್ತಲ್ಲ, ಅಲ್ಲಿ ಒಂದು ವಾರ ಸುಮ್ನೆ ಕೂತು ನೋಡಿ. ಹಾರ್ಡ್‌ವೇರ್ ಅಂಗಡಿಯವರು ಒಂದು ಚೀಲ ಬಿಲ್ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಅರ್ಧದಲ್ಲಿ ಶಾಯಿ ಹಾರಿರುತ್ತೆ. ಒಂದೊಂದನ್ನೂ ಜಿಎಸ್‌ಟಿ ಪೋರ್ಟಲ್‌ನ 2ಬಿ (ಸಪ್ಲೈಯರ್‌ಗಳು ಏರಿಸಿದ ಬಿಲ್‌ಗಳ ತಿಂಗಳ ಪಟ್ಟಿ) ಜೊತೆ ತಾಳೆ ನೋಡಬೇಕು. ಪೇಂಟ್ ಸಪ್ಲೈಯರ್ ಬಿಲ್ ಏರಿಸಿಲ್ಲ ಅಂದರೆ ಆ ಟ್ಯಾಕ್ಸ್ ಕ್ರೆಡಿಟ್ (ಖರೀದಿ ಮಾಡುವಾಗ ಕೊಟ್ಟ ತೆರಿಗೆಯ ಕಡಿತ) ಅಂಗಡಿಯವರಿಗೆ ಸಿಗಲ್ಲ. ಅವನಿಗೆ ಫೋನ್ ಮಾಡಿದರೆ ಎತ್ತಲ್ಲ. 20ಕ್ಕೆ ರಿಟರ್ನ್ ಗಡುವು, ಪೋರ್ಟಲ್ ಸುತ್ತುತ್ತಾ ಕೂತಿರುತ್ತೆ. ಆ ಕಾಣೆಯಾದ ಬಿಲ್ ಹುಡುಕುವಾಗ ಊಟದ ಹೊತ್ತು ಮರೆತರೆ ನೀವು ನಮ್ಮವರು. ಹನ್ನೊಂದು ಗಂಟೆಗೇ ಗಡಿಯಾರ ನೋಡಿದಿರಾ, ಬ್ಯಾಂಕ್ ಪರೀಕ್ಷೆಗೆ ಓದಿ. ಅದರಲ್ಲಿ ಅವಮಾನ ಏನೂ ಇಲ್ಲ.

ಇನ್ನೊಬ್ಬರು (ವೈಟ್‌ಫೀಲ್ಡ್): ನಾನೂ ಬಿ.ಕಾಂ. ಮಾಡಿ ಕಂಪನಿ ಸೇರಿದವನು. 6 ಲಕ್ಷ ಸಿಟಿಸಿ (ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದಾಗ ತಿಂಗಳಿಗೆ 50 ಸಾವಿರ ಅಂತ ಊರಿಗೆಲ್ಲಾ ಹೇಳಿಬಿಟ್ಟಿದ್ದೆ. ಮೊದಲ ಪೇಸ್ಲಿಪ್ ನೋಡಿ ಸುಮ್ಮನಾದೆ.

ಉತ್ತರ: ಹೌದು ಸರ್, ಇದು ಎಲ್ಲರಿಗೂ ಆಗುತ್ತೆ. ಕಂಪನಿ ಕಟ್ಟುವ ಪಿಎಫ್, ಗ್ರಾಚುಟಿ, ಕೆಲವು ಕಡೆ ವರ್ಷದ ಬೋನಸ್, ಎಲ್ಲಾ ಸಿಟಿಸಿ ಒಳಗೇ ಸೇರಿರುತ್ತೆ. ನಿಮ್ಮ ಪಾಲಿನ ಪಿಎಫ್ ಬೇರೆ, ನಮ್ಮ ರಾಜ್ಯದ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ (ಫೆಬ್ರವರಿಯಲ್ಲಿ 300) ಬೇರೆ. ಆಫರ್ ಬಂದಾಗ "ಕೈಗೆ ಎಷ್ಟು ಬರುತ್ತೆ" ಅಂತ ಎಚ್‌ಆರ್‌ಗೆ ನೇರ ಕೇಳಿ. ಕೇಳಿದರೆ ಯಾರೂ ಕೆಲಸ ಕಿತ್ತುಕೊಳ್ಳಲ್ಲ.

ವಿದ್ಯಾರ್ಥಿ: ನಮ್ಮ ಬೀದಿ ಕೊನೇಲೇ ಒಬ್ಬರು ಆಡಿಟರ್ ಇದ್ದಾರೆ. ಅಪ್ಪನಿಗೆ ಪರಿಚಯ. 12ರವರೆಗೆ ಇಂಟರ್ನಲ್ಸ್ ಇದೆ, ಆಮೇಲೆ ಹೋಗಲಾ?

ಉತ್ತರ: 14ಕ್ಕೆ ಹೋಗಿ, ಅವತ್ತೇ 2ಬಿ ಬರೋದು. ತಿಂಡಿ ಮುಗಿಸಿಕೊಂಡೇ ಹೋಗಿ.